‘ಬಿತ್ತು’ ಎನ್ನುತ್ತಿದ್ದ ಮೇಡಂ

ತೊಲೆಯ ಮೇಲೆ ಭಾರ ಹಾಕುವ ಜಾಕಿನಿಂದ ಎಣ್ಣೆ ಸೋರಬಹುದಿತ್ತು. ಎತ್ತಿಡುವಾಗ ಕಾಂಕ್ರೀಟಿನ ತೊಲೆ ಜಾರಿ ನಮ್ಮ ಲ್ಯಾಬಿನ ಸಿದ್ದರಾಜುವಿನ ಕಾಲ್ಬೆರಳಿನ ಮೇಲೆ ಬೀಳಬಹುದಿತ್ತು. ಬಳಿದ ಸುಣ್ಣ ಒಣಗದೆ ಹಸಿಯಾಗಿಯೇ ಉಳಿಯಬಹುದಿತ್ತು, ಇಲ್ಲವೇ ಅತಿಯಾಗಿ ಒಣಗಿ ಹಪ್ಪಳದಂತೆ ಎದ್ದು ಬರಬಹುದಿತ್ತು. ಕರೆಂಟು ಹೋಗಬಹುದಿತ್ತು. ನಮ್ಮದು ಕೈಯಲ್ಲಿ ಒತ್ತುವ ಪಂಪು, ಲ್ಯಾಬಿನ ಕಿಟಕಿಗಳು ಆಳೆತ್ತರದವು, ಟಾರ್ಚಿಗೆ ಹೊಸ ಸೆಲ್ಲು ಹಾಕಿದ್ದೆ. ಕರೆಂಟಿಗೂ ನಮಗೂ ಸಂಬಂಧವೇ ಇರಲಿಲ್ಲ. ಆದರೂ ಬೆಳಿಗ್ಗೆ ಹಲ್ಲುಜ್ಜುವಾಗ ಅದನ್ನೂ ಯೋಚಿಸಿ ಮುಗಿಸಿದ್ದೆ. ವೆಂಟಿಲೇಟರಿನ ಪಾರಿವಾಳ ಸರಿಯಾಗಿ ಆ ಗಳಿಗೆಯಲ್ಲೇ ತನ್ನ ಅಭಿಪ್ರಾಯ ಉದುರಿಸಬಹುದಿತ್ತು. ಯಾವ ತೊಲೆ ಯಾವುದೆಂದು ಬಲ್ಲ ಒಬ್ಬನೇ ಮನುಷ್ಯ ಸಿದ್ದರಾಜು. ಅವನು ಅದನ್ನು ಮರೆತುಬಿಡಬಹುದಿತ್ತು. ಭವ್ಯಾ ಅಳಬಹುದಿತ್ತು. ನಾನು ಅಳಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಇಲ್ಲದ ಬಿರುಕನ್ನು ನಾನು ಕಂಡು ವಿಭಾಗದ ಮಾನ ಹರಾಜು ಹಾಕಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆ ದಿನ ಕೆಟ್ಟದ್ದು ಒಂದೇ, ತೀರಾ ಸಣ್ಣದು. ಅದನ್ನು ಪಟ್ಟಿಗೆ ಸೇರಿಸಬೇಕೆಂದು ನನಗೆ ಹೊಳೆದಿರಲೇ ಇಲ್ಲ. ಅದನ್ನು ಕೊನೆಗೆ ಹೇಳುತ್ತೇನೆ. ಮೇಡಂ ಯಾರು ಎಂದು ಗೊತ್ತಿಲ್ಲದವರಿಗೆ ಅದು ಒಂದು ಸಂಗತಿಯೆಂದೇ ಅನ್ನಿಸಲಾರದು.

ಮೇಡಂ ಹೋದ ತಿಂಗಳು ತೀರಿಕೊಂಡರು. ಸುದ್ದಿ ಹೇಳಲು ಫೋನು ಮಾಡಿದವಳು ಭವ್ಯಾ, ಅವರ ಕೊನೆಯ ಸಂಶೋಧನಾ ವಿದ್ಯಾರ್ಥಿನಿ. ಆಮೇಲೆ ಅವಳು, “ಸರ್, ನೀವೇನಾದ್ರೂ ಬರೀತೀರಾ? ಬರೆದ್ರೆ ಅವರನ್ನ ದೇವರು ಮಾಡ್ಬೇಡಿ,” ಎಂದಳು. ಆ ಮಾತನ್ನು ಹೇಳುವ ಹಕ್ಕು ಅವಳಿಗಿತ್ತು.

ನಾನು ಸಿವಿಲ್ ಎಂಜಿನಿಯರಿಂಗ್ ವಿಭಾಗಕ್ಕೆ ಉಪನ್ಯಾಸಕನಾಗಿ ಸೇರಿದಾಗ ಮೇಡಂ ಆಗಲೇ ಅಲ್ಲಿ ಹಳಬರು. ಮೊದಲ ದಿನ ಅವರನ್ನು ಲ್ಯಾಬಿನಲ್ಲಿ ಕಂಡೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಳೆಗಳನ್ನು ತೆಗೆದು ಮೇಜಿನ ಡ್ರಾಯರಿನಲ್ಲಿಟ್ಟು, ಕಿವಿಯ ಹಿಂದೆ ಬಡಗಿಯ ಪೆನ್ಸಿಲ್ ಸಿಕ್ಕಿಸಿಕೊಂಡು, ಒಂದು ತೊಲೆಯ ಪಕ್ಕದಲ್ಲಿ ಕತ್ತು ವಾರೆ ಮಾಡಿ ನಿಂತಿದ್ದರು. ಮೂಗಿನ ಮೇಲೆ ಸುಣ್ಣ ಹತ್ತಿತ್ತು. ತೊಲೆಗಳಿಗೆ ಸುಣ್ಣ ಬಳಿಯುವುದು ನಮ್ಮ ಕಸುಬಿನ ಪದ್ಧತಿ. ಕಾಂಕ್ರೀಟಿನ ಬೂದು ಮೈಯಲ್ಲಿ ಕೂದಲೆಳೆಯ ಬಿರುಕು ಕಾಣುವುದಿಲ್ಲ. ಸುಣ್ಣದ ಬಿಳುಪಿನ ಮೇಲೆ ಕಾಣುತ್ತದೆ. ಮೇಲಿನಿಂದ ಭಾರ ಹಾಕುತ್ತಾ ಹೋಗುತ್ತಾರೆ. ಯಾವ ಭಾರಕ್ಕೆ ಮೊದಲ ಬಿರುಕು ಬಿತ್ತು ಎನ್ನುವುದೇ ಮುಖ್ಯ. ಮೇಡಂ ಟಾರ್ಚಿನ ಬೆಳಕನ್ನು ತೊಲೆಯ ಮೈಗೆ ಸವರಿದಂತೆ ಅಡ್ಡಡ್ಡ ಬಿಡುತ್ತಿದ್ದರು. ಪಂಪು ಒತ್ತುವವನು ಒತ್ತುತ್ತಿರುತ್ತಿದ್ದ. ಇದ್ದಕ್ಕಿದ್ದಂತೆ ಅವರು ಒಂದೇ ಮಾತು ಹೇಳುತ್ತಿದ್ದರು:

“ಬಿತ್ತು.”

ಪಂಪು ನಿಲ್ಲುತ್ತಿತ್ತು. ನಾವೆಲ್ಲ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದೆವು. ಕಾಣುತ್ತಿರಲಿಲ್ಲ. ಮೇಡಂ ಪೆನ್ಸಿಲ್ಲಿನಿಂದ ಅದರ ಪಕ್ಕದಲ್ಲೇ ಗೀಟು ಎಳೆದ ಮೇಲೆ, ಓಹೋ, ಅಲ್ಲಿದೆಯಲ್ಲ, ಎನ್ನುತ್ತಿದ್ದೆವು. ಗೀಟಿನ ತುದಿಗೆ ಆ ಗಳಿಗೆಯ ಭಾರದ ಅಂಕಿ ಬರೆಯುತ್ತಿದ್ದರು. ಬಿರುಕು ಹಿಡಿಯುವ ವಿದ್ಯುನ್ಮಾನ ಉಪಕರಣವೊಂದು ನಮ್ಮಲ್ಲಿತ್ತು. ಅದು ಕೆಟ್ಟಾಗ ರಿಪೇರಿ ಮಾಡಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಮೇಡಂ ಇದ್ದಾರಲ್ಲ!

ಹೀಗೆ ಒಂದು ತಲೆಮಾರಿನ ಕಾಲ ನಮ್ಮ ವಿಭಾಗದಲ್ಲಿ ‘ಮೊದಲ ಬಿರುಕು’ ಎಂದರೆ ‘ಮೇಡಂ ಬಿತ್ತು ಎಂದದ್ದು’ ಎಂದೇ ಅರ್ಥ. ಇದರಲ್ಲಿ ವಿಚಿತ್ರವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಎಲ್ಲದಕ್ಕೂ ಚಿಂತೆ ಮಾಡುವ ನನಗೂ ಅನ್ನಿಸಿರಲಿಲ್ಲ. ನಾನು ಆಗ ಪಿಂಚಣಿಯ ಬಗ್ಗೆ ಚಿಂತಿಸುತ್ತಿದ್ದೆ.

ಮೇಡಂ ಮನೆ ಜಯಲಕ್ಷ್ಮಿಪುರಂನಲ್ಲಿ. ಮದುವೆಯಾಗಿರಲಿಲ್ಲ; ಏಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರ ಮುತ್ತಾತ ಅರಮನೆ ಕೆಲಸದಲ್ಲಿದ್ದವರಂತೆ. ಏನು ಕೆಲಸ ಎಂದು ನಾನು ಒಮ್ಮೆ ಕೇಳಿದೆ.

“ಕಾಯೋದು ಕಣ್ರೀ,” ಎಂದರು.

“ಕಾವಲಾ ಮೇಡಂ?”

“ಅಯ್ಯೋ, ಅಲ್ಲ. ಯಾರಾದ್ರೂ ಕರೀತಾರೇನೋ ಅಂತ ಕಾಯೋದು. ಜರತಾರಿ ಪೇಟ ಸುತ್ಕೊಂಡು ಬೆಳಿಗ್ಗೆಯಿಂದ ಸಂಜೆವರೆಗೂ ಒಂದು ಕಂಬದ ಪಕ್ಕ ನಿಂತಿರೋದು. ನಾನೂ ಅದನ್ನೇ ಮಾಡ್ತಿದೀನಿ. ಪೇಟ ಒಂದಿಲ್ಲ ಅಷ್ಟೆ.”

ಬಿರುಕನ್ನು ಕುರಿತು ಅವರಿಗೆ ತಿರಸ್ಕಾರವಿರಲಿಲ್ಲ. ಹೊಸ ವಿದ್ಯಾರ್ಥಿಗಳು “ಮೇಡಂ, ಬೀಮು ಹಾಳಾಯ್ತು” ಎಂದರೆ ರೇಗುತ್ತಿದ್ದರು. “ಹಾಳಾಗ್ಲಿಲ್ಲ ಕಣೋ, ಈಗ ಶುರುವಾಯ್ತು. ಕಾಂಕ್ರೀಟು ಬಿರುಕು ಬಿಟ್ಟ ಮೇಲೇನೇ ಒಳಗಿರೋ ಕಬ್ಬಿಣ ಕೆಲಸಕ್ಕೆ ಬರೋದು. ಅಲ್ಲಿವರೆಗೂ ಅದು ಆರಾಮಾಗಿ ನಿದ್ದೆ ಹೊಡೀತಿರುತ್ತೆ, ನಿಮ್ಮ ಸರ್ ಥರ.” ‘ನಿಮ್ಮ ಸರ್’ ಎಂದರೆ ನಾನು. ಸಾಮಾನ್ಯವಾಗಿ ಆ ಹೊತ್ತಿಗೆ ನಾನು ಹಿಂದೆಯೇ ನಿಂತಿರುತ್ತಿದ್ದೆ.

ನಿವೃತ್ತಿಗೆ ಕೆಲವು ವರ್ಷ ಇದ್ದಾಗ ಸುಣ್ಣದ ಜಗಳ ಶುರುವಾಯಿತು. ಲ್ಯಾಬಿಗೆ ಬೇಕಾದ ಸುಣ್ಣವನ್ನು ಮೇಡಂ ತಾವೇ ದೇವರಾಜ ಮೊಹಲ್ಲಾದ ಒಂದು ಅಂಗಡಿಯಿಂದ ತರುತ್ತಿದ್ದರು. ಒಂದು ದಿನ ಹೊಸದಾಗಿ ಬಳಿದ ತೊಲೆಯನ್ನು ನೋಡಿ ಮುಖ ಸಿಂಡರಿಸಿದರು. “ಏನ್ರೀ ಇದು, ಸುಣ್ಣ ಹಳದಿ ಇದೆ. ಕಲಬೆರಕೆ ಮಾಡ್ತಿದಾನೆ. ನೋಡಿ ನೀವೇ.”

ನಾನು ನೋಡಿದೆ. ನಿಜವಾಗಿಯೂ ಹಳದಿಯಾಗಿತ್ತು. ತೀರಾ ಅಲ್ಲ, ಹಳೆಯ ಪಂಚೆಯ ಹಾಗೆ. “ಹೌದು ಮೇಡಂ, ಹಳದೀನೇ,” ಎಂದೆ. ಮನೆಗೆ ಹೋಗಿ ನಮ್ಮ ಮನೆಯ ಗೋಡೆಗಳೂ ಹಳದಿಯಾಗಿವೆಯೇ ಎಂದು ಪರೀಕ್ಷಿಸಿದೆ. ಮೇಡಂ ಅಂಗಡಿಗೆ ಹೋಗಿ ಜಗಳವಾಡಿ, ಅಂಗಡಿ ಬದಲಾಯಿಸಿದರು. ಹೊಸ ಅಂಗಡಿಯ ಸುಣ್ಣವೂ ಹಳದಿ ಎಂದರು. ಮತ್ತೆ ಬದಲಾಯಿಸಿದರು. ಸಿದ್ದರಾಜು ನಮ್ಮ ಲ್ಯಾಬಿನ ಮೆಕ್ಯಾನಿಕ್, ಪಂಪು ಒತ್ತುವವನು ಅವನೇ. ಅವನು ನನ್ನನ್ನು ಪಕ್ಕಕ್ಕೆ ಕರೆದು, “ಸಾರ್, ಬೆಳ್ಳಗೈತೆ ಅಲ್ವಾ?” ಎಂದ. ನಾನು ಅವನಿಗೆ ತಿಳಿವಳಿಕೆ ಹೇಳಿ ಕಳಿಸಿದೆ.

ಇದೇ ಕಾಲದಲ್ಲಿ ಭವ್ಯಾ ಸಂಶೋಧನೆಗೆ ಸೇರಿದ್ದಳು. ತಂದೆಗೆ ಮಾರುಕಟ್ಟೆಯಲ್ಲಿ ವೀಳ್ಯದೆಲೆ ವ್ಯಾಪಾರ. ಅವರ ಮನೆಯಲ್ಲಿ ಇಷ್ಟು ಓದಿದವಳು ಅವಳೊಬ್ಬಳೇ. ಮೇಡಂ ಮಾರ್ಗದರ್ಶಕಿ, ನಾನು ಸಹ-ಮಾರ್ಗದರ್ಶಕ. ಅಂದರೆ ಸಹಿ ಹಾಕುವವನು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಸುಟ್ಟ ಬೂದಿಯನ್ನು ಸಿಮೆಂಟಿಗೆ ಬೆರೆಸಿದರೆ ತೊಲೆ ಹೇಗೆ ವರ್ತಿಸುತ್ತದೆ ಎನ್ನುವುದು ಅವಳ ವಿಷಯ. ಬೂದಿಯ ತೊಲೆಗಳನ್ನು ಎರಕ ಹೊಯ್ದಳು. ಮಾಮೂಲಿ ತೊಲೆಗಳನ್ನು ಮತ್ತೆ ಹೊಯ್ಯಲಿಲ್ಲ. ಅವುಗಳ ಅಂಕಿಗಳು ವಿಭಾಗದಲ್ಲಿ ಮೊದಲಿನಿಂದಲೂ ಇದ್ದವು, ಮೇಡಂ ತಾವೇ ನೋಡಿ ಬರೆದವು. ಫಲಿತಾಂಶ ಬಂದಾಗ ಎಲ್ಲರೂ ಬೆರಗಾದೆವು. ಬೂದಿಯ ತೊಲೆಯಲ್ಲಿ ಮೊದಲ ಬಿರುಕು ಬೀಳಲು ತುಂಬಾ ಹೆಚ್ಚಿನ ಭಾರ ಬೇಕಾಗಿತ್ತು. ಬೂದಿ ಬಿರುಕನ್ನು ತಡೆಯುತ್ತದೆ! ಮಹಾಪ್ರಬಂಧದ ಶೀರ್ಷಿಕೆಯೇ ಅದಾಯಿತು. ಒಂದು ಖಾಸಗಿ ಕಾಲೇಜಿನವರು ಭವ್ಯಾಳಿಗೆ ಕೆಲಸ ಕೊಡಲು ಒಪ್ಪಿದರು. ಷರತ್ತು ಒಂದೇ: ಜೂನ್ ಒಳಗೆ ಪ್ರಬಂಧ ಸಲ್ಲಿಸಿರಬೇಕು.

ಸಲ್ಲಿಸಲು ಕೆಲವೇ ತಿಂಗಳು ಇದ್ದಾಗ ಮೇಡಂ ಒಂಟಿಕೊಪ್ಪಲಿನ ಕಣ್ಣಿನ ಡಾಕ್ಟರ ಬಳಿ ಪೊರೆ ತೆಗೆಸಿಕೊಂಡರು. ಎರಡೂ ಕಣ್ಣಿಗೆ ಪೊರೆ ಬಂದು ವರ್ಷಗಳೇ ಆಗಿದ್ದವಂತೆ. ರಜೆ ಮುಗಿಸಿ ಬಂದ ದಿನ ಕಪ್ಪು ಕನ್ನಡಕ ತೆಗೆದು ಲ್ಯಾಬಿನ ಸುಣ್ಣದ ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ತುಂಬಾ ಹೊತ್ತು ನೋಡಿದರು.

“ಎಷ್ಟು ಬೆಳ್ಳಗಿದೆಯಲ್ರೀ,” ಎಂದರು. ಆಮೇಲೆ, “ಪಾಪ, ಆ ಅಂಗಡಿಯವನು.”

ಅದೇ ಸಂಜೆ ದೇವರಾಜ ಮೊಹಲ್ಲಾಗೆ ಹೋಗಿ ಅಂಗಡಿಯವನ ಕ್ಷಮೆ ಕೇಳಿದರು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅವನಿಗೆ ಜಗಳವೇ ನೆನಪಿರಲಿಲ್ಲ. “ಬುಡಿ ಅಮ್ಮಾ, ದಿನಾ ನೂರು ಜನ ಬೈತಾರೆ,” ಎಂದ. ಮೇಡಂ ಬಿಡಲಿಲ್ಲ. ನನ್ನನ್ನು ತೋರಿಸಿ, “ಇವರಿಗೆ ಪೊರೆ ಗಿರೆ ಏನೂ ಇಲ್ಲ. ಆದ್ರೂ ಹಳದಿ ಕಾಣಿಸ್ತಂತೆ,” ಎಂದರು. ಅಂಗಡಿಯವನು ನನ್ನನ್ನು ಕನಿಕರದಿಂದ ನೋಡಿದ.

ಇಷ್ಟಕ್ಕೇ ಮುಗಿದಿದ್ದರೆ ಇದು ನಗುವ ಕಥೆಯಾಗುತ್ತಿತ್ತು. ಮಾರನೆಯ ದಿನ ಮೇಡಂ ಲ್ಯಾಬಿನ ಹಿಂದೆ ತಗಡಿನ ಮಾಡಿನ ಕೆಳಗೆ ಹೋದರು. ಪರೀಕ್ಷೆ ಮುಗಿದ ತೊಲೆಗಳನ್ನು ಅಲ್ಲಿ ಸುಣ್ಣ, ಗೀಟುಗಳ ಸಮೇತ ಪೇರಿಸಿಟ್ಟಿರುತ್ತೇವೆ. ನನ್ನನ್ನು ಕೂಗಿದರು. ಧ್ವನಿಯಲ್ಲೇ ಏನೋ ಇತ್ತು.

“ಇದು ಹಳೇದು. ನೋಡಿ, ಕೂದಲೆಳೆಯಂಥ ಬಿರುಕಿಗೂ ಗೀಟು ಹಾಕಿದೀನಿ. ಇದು ಭವ್ಯಾದು. ದಪ್ಪ ಬಿರುಕಿಗೆ ಮಾತ್ರ ಗೀಟಿದೆ. ಪಕ್ಕದಲ್ಲಿ ಸಣ್ಣವು ಎಷ್ಟಿವೆ ನೋಡಿ. ಒಂದಕ್ಕೂ ಗೀಟಿಲ್ಲ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಾಮೂಲಿ ತೊಲೆಗಳನ್ನು ಅವರು ನೋಡಿದ್ದು ಒಳ್ಳೆಯ ಕಣ್ಣಿನಿಂದ. ಬೂದಿಯ ತೊಲೆಗಳನ್ನು ನೋಡಿದ್ದು ಪೊರೆ ಬಂದ ಕಣ್ಣಿನಿಂದ. ಬಿರುಕು ತಡವಾಗಿ ಬಿದ್ದಿರಲಿಲ್ಲ, ತಡವಾಗಿ ಕಂಡಿತ್ತು. ನಮ್ಮ ಸಂಶೋಧನೆಯಲ್ಲಿ ಬಿರುಕನ್ನು ತಡೆದದ್ದು ಬೂದಿಯಲ್ಲ, ಪೊರೆ.

ವಿಭಾಗದ ಮುಖ್ಯಸ್ಥರು ಮೃದುವಾಗಿ ಹೇಳಿದರು: “ಮೇಡಂ, ಪ್ರಬಂಧ ಓದೋರು ಅಂಕಿ ನೋಡ್ತಾರೆ. ಹಿಂದಿನ ಶೆಡ್ಡಿಗೆ ಬಂದು ಯಾರು ನೋಡ್ತಾರೆ?”

“ನಾನು ನೋಡ್ದೆನಲ್ಲ,” ಎಂದರು ಮೇಡಂ.

ಭವ್ಯಾಳಿಗೆ ಅವರೇ ಹೇಳಿದರು, ನನ್ನ ಎದುರಿಗೇ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ನಿಮಗೆ ಕಣ್ಣು ಬಂತು ಮೇಡಂ. ನನ್ನ ಕೆಲಸ ಹೋಯ್ತು,” ಎಂದಳು. ಮೇಡಂ ಡ್ರಾಯರಿನಿಂದ ಬಳೆ ತೆಗೆದು ಹಾಕಿಕೊಂಡು, ಮತ್ತೆ ತೆಗೆದಿಟ್ಟರು. ಅವರು ಹಾಗೆ ಗಲಿಬಿಲಿಗೊಂಡದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಒಂದು ದಾರಿ ಉಳಿದಿತ್ತು. ಮೂರು ಮಾಮೂಲಿ, ಮೂರು ಬೂದಿಯ ತೊಲೆಗಳನ್ನು ಹೊಸದಾಗಿ ಹೊಯ್ಯುವುದು, ಒಂದೇ ದಿನ, ಒಂದೇ ಕಣ್ಣಿನಿಂದ ನೋಡುವುದು. ಬೂದಿಯಿಂದ ಸ್ವಲ್ಪವಾದರೂ ಲಾಭ ಕಂಡರೆ ಶೀರ್ಷಿಕೆ ಉಳಿಯುತ್ತದೆ. ಅಂಕಿಗಳನ್ನು ತಿದ್ದಿ ಜೂನ್ ಒಳಗೆ ಸಲ್ಲಿಸಬಹುದು. ಕಾಣದಿದ್ದರೆ ಶೀರ್ಷಿಕೆ ಬದಲಾಗಬೇಕು, ಅದಕ್ಕೆ ಸಮಿತಿ ಕೂಡಬೇಕು. ನಮ್ಮಲ್ಲಿ ಸಮಿತಿ ಕೂಡುವುದೆಂದರೆ ಗ್ರಹಣದ ಹಾಗೆ; ಆಗುತ್ತದೆ, ಆದರೆ ನಮ್ಮ ಅವಸರಕ್ಕಲ್ಲ.

ಕಟ್ಟುಪಾಡುಗಳನ್ನು ಮೇಡಂ ತಾವೇ ಹೇಳಿದರು. ಸುಣ್ಣ ಬಳಿದ ಮೇಲೆ ಎಲ್ಲ ತೊಲೆಯೂ ಒಂದೇ ಥರ ಕಾಣುತ್ತದೆ. ಯಾವುದು ಯಾವುದೆಂದು ಸಿದ್ದರಾಜುವಿಗೆ ಮಾತ್ರ ಗೊತ್ತಿರಬೇಕು, ಕೊನೆಯವರೆಗೂ ಅವನು ಬಾಯಿ ಬಿಡಕೂಡದು. ನೋಡುವವರು ಒಬ್ಬರೇ, ಬೇರೆಯವರು ತುಟಿ ಪಿಟಕ್ಕೆನ್ನಬಾರದು. ಯಾರಾದರೂ ಸೂಚನೆ ಕೊಟ್ಟರೆ ಆ ತೊಲೆ ಲೆಕ್ಕಕ್ಕಿಲ್ಲ.

“ನೋಡೋರು ಯಾರು ಮೇಡಂ?” ಎಂದೆ.

“ನೀವೇ. ನನ್ನ ಕಣ್ಣನ್ನ ಇನ್ನು ಯಾರು ನಂಬ್ತಾರೆ?”

ನಾನು ಬಿರುಕುಗಳನ್ನು ಕಾಣುವುದರಲ್ಲಿ ನಿಪುಣನೇನೋ ಸರಿ. ಮನೆಯ ಸಜ್ಜಾದಲ್ಲಿ, ಮೇಲ್ಸೇತುವೆಯಲ್ಲಿ, ಮದುವೆ ಛತ್ರದ ಕಂಬಗಳಲ್ಲಿ ಕಂಡು ಊಟ ಅರ್ಧಕ್ಕೆ ಬಿಟ್ಟೆದ್ದವನು. ಅವುಗಳಲ್ಲಿ ಒಂದೂ ಬಿರುಕಾಗಿರಲಿಲ್ಲ ಎನ್ನುವುದು ಬೇರೆ ಮಾತು. ಪರೀಕ್ಷೆಯ ಹಿಂದಿನ ದಿನ, ಬಳಸದೆ ಉಳಿದಿದ್ದ ಒಂದು ಹಳೆಯ ತೊಲೆಯ ಮೇಲೆ ತಾಲೀಮು ನಡೆಸಿದೆವು. ಸಿದ್ದರಾಜು ಪಂಪಿಗೆ ಕೈ ಹಾಕುವ ಮೊದಲೇ ನಾನು “ಬಿತ್ತು!” ಎಂದು ಕಿರುಚಿದೆ. ಅವನು ಬಂದು ಉಗುರಿನಿಂದ ಬಿರುಕನ್ನು ಎತ್ತಿ ನನ್ನ ಅಂಗೈ ಮೇಲಿಟ್ಟ.

“ಸಾರ್, ಬ್ರಷ್ಷಿನ ಕೂದ್ಲು. ಇಂಗೆ ಎದ್ರುಕೊಂಡ್ರೆ ಎಂಗೆ ಸಾರ್? ಒಡೀಬೇಕಾಗಿರೋದು ಬೀಮು, ನೀವಲ್ಲ.”

ಭವ್ಯಾ ಆ ವಾರದಲ್ಲಿ ಮೊದಲ ಬಾರಿಗೆ ನಕ್ಕಳು. ಮೇಡಂ ನಗಲಿಲ್ಲ. “ನಾಳೆ ನಿಮಗೆ ಕಂಡದ್ದನ್ನ ಹೇಳಿ. ನನಗೆ ಏನು ಬೇಕು, ಅವಳಿಗೆ ಏನು ಬೇಕು ಅಂತ ಯೋಚ್ನೆ ಮಾಡ್ಬೇಡಿ. ಅದೊಂದು ದಿನ ಮಾಡ್ಬೇಡಿ, ಸಾಕು,” ಎಂದರು.

ಮುಂದಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಾತರ ನನ್ನ ಮೈಗೆ ಒಗ್ಗುವುದಿಲ್ಲ. ಶೀರ್ಷಿಕೆ ಉಳಿಯಲಿಲ್ಲ. ಸಮಿತಿ ಕೂಡುವ ಹೊತ್ತಿಗೆ ಜೂನ್ ಕಳೆದು, ಆ ಕಾಲೇಜಿನವರು ಬೇರೊಬ್ಬರನ್ನು ತೆಗೆದುಕೊಂಡಿದ್ದರು. ಭವ್ಯಾಳ ಪ್ರಬಂಧ ಕೊನೆಗೆ ಹೇಳಿದ್ದು ಇಷ್ಟೇ: ಬೂದಿ ಬೆರೆಸಿದರೆ ತೊಲೆಗೆ ಕೇಡಿಲ್ಲ, ಸಿಮೆಂಟು ಉಳಿಯುತ್ತದೆ. ಅದಕ್ಕೆ ಪದವಿ ಬಂತು. ಈಗ ಅವಳು ಒಂದು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಾಳೆ. ಆಸೆಪಟ್ಟ ಕೆಲಸ ಅದಲ್ಲ. ಮೇಡಂ ನಿವೃತ್ತರಾಗುವ ಮೊದಲು, ಪೊರೆ ಇದ್ದ ವರ್ಷಗಳಲ್ಲಿ ತಾವು ನೋಡಿದ ತೊಲೆಗಳ ಅಂಕಿ ಯಾರೂ ಬಳಸಬಾರದೆಂದು ವಿಭಾಗಕ್ಕೆ ಬರೆದುಕೊಟ್ಟರು. ಬೀಳ್ಕೊಡುಗೆಯ ದಿನ ಆ ವಿಷಯವನ್ನು ಯಾರೂ ಎತ್ತಲಿಲ್ಲ. ಎಲ್ಲರೂ ಅವರ ಕಣ್ಣನ್ನೇ ಹೊಗಳಿದರು. ಅವರು ತಲೆ ತಗ್ಗಿಸಿ ಹಾರದ ದಾರ ಹಿಂಜುತ್ತಾ ಕೂತಿದ್ದರು. ಆಮೇಲೆ ಭವ್ಯಾ ಅವರ ಮನೆಗೆ ಹೋಗುತ್ತಿದ್ದಳು. ಎಲೆ ಕೊಡಲು ಎಂದು ಹೇಳುತ್ತಿದ್ದಳು. ಮೇಡಂ ಎಲೆ ಹಾಕುತ್ತಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಇನ್ನು ಆ ದಿನ.

ಐದು ತೊಲೆಗಳವರೆಗೆ ಎಲ್ಲವೂ ಸರಿಯಾಗಿಯೇ ನಡೆಯಿತು. ಪಾರಿವಾಳ ಸಹಕರಿಸಿತು. ಮೇಡಂ ನಮಗೆ ಬೆನ್ನು ಹಾಕಿ, ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು, ಕಂಬದ ಪಕ್ಕದ ಅವರ ಮುತ್ತಾತನ ಹಾಗೆ. ಭವ್ಯಾ ಭಾರ ತೋರಿಸುವ ಮುಳ್ಳನ್ನೇ ನೋಡುತ್ತಿದ್ದಳು. ನಾನು ಉಸಿರು ಬಿಗಿಹಿಡಿದು ಟಾರ್ಚು ಸವರುತ್ತಾ, ಐದು ಸಲ “ಬಿತ್ತು” ಎಂದೆ. ಐದು ಸಲವೂ ಅದು ನನ್ನದೇ ಮಾತಾಗಿತ್ತು. ಬದುಕಿನಲ್ಲಿ ಒಂದು ವಿಷಯವನ್ನು ಯಾರನ್ನೂ ಕೇಳದೆ ಹೇಳಿದ್ದು ಅದೇ ಮೊದಲಿರಬೇಕು. ಅಂಕಿಗಳು ಎಲ್ಲವೂ ಹತ್ತಿರ ಹತ್ತಿರವೇ ಇದ್ದವು.

ಆರನೆಯದಕ್ಕೆ ಸಿದ್ದರಾಜು ಒತ್ತುತ್ತಾ ಹೋದ. ಮುಳ್ಳು ಹಿಂದಿನ ಐದನ್ನೂ ದಾಟಿತು. ಇನ್ನೂ ಏರಿತು. ತೊಲೆ ಬೆಳ್ಳಗೆ ನಿಂತಿತ್ತು. ಇದು ಬೂದಿಯದೇ ಇರಬಹುದು ಎಂದು ನನಗೆ ಅನ್ನಿಸಿತು. ಭವ್ಯಾಳಿಗೂ ಅನ್ನಿಸಿರಬೇಕು, ಅವಳ ಉಸಿರು ಕೇಳಿಸುತ್ತಿತ್ತು. ಪಂಪು ಅಷ್ಟು ಹೊತ್ತು ನಿಲ್ಲದ್ದಕ್ಕೋ ಏನೋ, ಕಿಟಕಿಯ ಬಳಿ ಮೇಡಂ ಈ ಕಡೆ ತಿರುಗಿದರು.

“ಬಿತ್ತು.”

ಮೆಲ್ಲಗೆ, ಅಭ್ಯಾಸಬಲದಿಂದ, ಅಷ್ಟು ದೂರದಿಂದ. ಹೇಳಿದವರೇ ಬೆಚ್ಚಿ ಬಾಯಿ ಮುಚ್ಚಿಕೊಂಡರು.

ಪಂಪು ನಿಂತಿತು. ನಾನು ಬಗ್ಗಿ ನೋಡಿದೆ. ಬಿರುಕು ಇತ್ತು, ಉಸಿರಿಗಿಂತ ತೆಳ್ಳಗೆ, ತೊಲೆಯ ಕೆಳ ಅಂಚಿನಿಂದ ಮೇಲಕ್ಕೆ.

“ಯಾವುದು ಸಿದ್ದರಾಜು?” ಎಂದಳು ಭವ್ಯಾ. ಅವನು ಮೇಡಂ ಮುಖ ನೋಡಿ, ನೆಲ ನೋಡಿ, “ಬೂದೀದು ಕಣಮ್ಮ,” ಎಂದ.

“ಮೇಡಂ, ನೀವು ಸರಿಯಾಗೇ ಹೇಳಿದ್ರಲ್ಲ! ಬಿರುಕು ಅಲ್ಲೇ ಇದೆಯಲ್ಲ! ಇದೊಂದು ಸೇರಿದ್ರೆ...”

“ಸರಿಯಾಗಿ ಹೇಳಿದ್ರೆ ಏನಾಯ್ತು ಕಣಮ್ಮ? ಹೇಳೋ ಸರದಿ ನಂದಲ್ಲ. ಇವರು ಇನ್ನೆಷ್ಟು ಭಾರಕ್ಕೆ ಹೇಳ್ತಿದ್ರೋ, ಅಥವಾ ಆಗಲೇ ನೋಡ್ಬೇಕಿತ್ತೋ, ಯಾರಿಗೆ ಗೊತ್ತು? ಹೊಡೆದುಹಾಕು.” ಮೇಡಂ ಭವ್ಯಾಳ ಕೈಯಲ್ಲಿದ್ದ ಅಂಕಿಪುಸ್ತಕ ತೋರಿಸಿದರು. “ತಪ್ಪು ನಂದು. ಆದ್ರೂ ಹೊಡೆದುಹಾಕು.”

ಆಗ ನಾನು ಬಾಯಿ ಹಾಕಿದೆ. “ನಾನೂ ನೋಡಿದ್ದೆ ಮೇಡಂ. ಹೇಳೋದರಲ್ಲೇ ಇದ್ದೆ.”

ನಿಜಕ್ಕೂ ನೋಡಿದ್ದೆನೇ? ಅವರು ಹೇಳುವ ಮೊದಲೇ ಆ ಗೆರೆ ನನ್ನ ಕಣ್ಣಿಗೆ ಬಿದ್ದಿತ್ತು ಎಂದು ಆ ಗಳಿಗೆಯಲ್ಲಿ ನನಗೆ ಖಚಿತವಾಗಿತ್ತು. ಈಗಲೂ ಒಂದೊಂದು ದಿನ ಖಚಿತವಾಗಿರುತ್ತದೆ.

ಮೇಡಂ ಹೊಸ ಕಣ್ಣುಗಳಿಂದ ನನ್ನನ್ನು ನೋಡಿದರು. ಕೋಪವಿರಲಿಲ್ಲ.

“ಸುಣ್ಣ ಹಳದಿ ಆಗಿದ್ದನ್ನೂ ನೋಡಿದ್ರಿ ಕಣ್ರೀ,” ಎಂದರು.

ಅವರು ಹತ್ತಿರ ಬಂದು, ಬಗ್ಗಿ, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಬಿರುಕಿನ ಪಕ್ಕದಲ್ಲಿ ಕೊನೆಯವರೆಗೂ ಗೀಟು ಎಳೆದರು. ಅಂಕಿ ಬರೆಯುವ ಜಾಗಕ್ಕೆ ಬಂದಾಗ ಕೈ ನಿಂತಿತು. ಪೆನ್ಸಿಲ್ಲನ್ನು ನನ್ನ ಕೈಗೆ ಕೊಟ್ಟು, ಬಳೆ ಹಾಕಿಕೊಳ್ಳಲು ಹೋದರು.

ಆ ತೊಲೆ ಈಗಲೂ ಶೆಡ್ಡಿನಲ್ಲಿದೆ. ಗೀಟಿದೆ, ಅಂಕಿಯಿಲ್ಲ.